ಎಂಬಿಎ ಊರಲ್ಲೇ, ಕೆಮಿಕಲ್ ದೂರದಲ್ಲಿ: ಬಳ್ಳಾರಿ ಸೀಮೆಯಿಂದ ಎರಡು ಕೋರ್ಸುಗಳ ವಿಮರ್ಶೆ

ತೋರಣಗಲ್ಲಿನ ಕೋಕ್ ಓವನ್, ಗಿಣಿಗೇರಾದ ಉಕ್ಕಿನ ಘಟಕಗಳು, ಹಟ್ಟಿಯ ಚಿನ್ನದ ಗಣಿ, ಶಕ್ತಿನಗರದ 1720 ಮೆಗಾವಾಟ್ ಮತ್ತು ಯರಮರಸ್‌ನ 1600 ಮೆಗಾವಾಟ್ ಉಷ್ಣ ಸ್ಥಾವರಗಳು, ರಾಯಚೂರಿನ ಔಷಧ ಕಾರ್ಖಾನೆಗಳು, ಭತ್ತದ ಸೀಮೆಯ ತೌಡಿನ ಎಣ್ಣೆ ಘಟಕಗಳು, ಬಳ್ಳಾರಿಯ ಜೀನ್ಸ್ ವಾಷಿಂಗ್. ಇಷ್ಟರಲ್ಲಿ ಕೆಮಿಕಲ್ ಎಂಜಿನಿಯರ್‌ಗೆ ಕೆಲಸವಿಲ್ಲದ ಜಾಗ ಒಂದೂ ಇಲ್ಲ. ಆದರೆ ಸಿಇಟಿ ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜು-ಬ್ರಾಂಚುಗಳ ಪಟ್ಟಿ ತುಂಬಲು, ಕೂತ ಹುಡುಗನಿಗೆ ಈ ಬ್ರಾಂಚು ಕಾಣುವುದು ಹೆಚ್ಚಾಗಿ ದಾವಣಗೆರೆ, ತುಮಕೂರು, ಬೆಂಗಳೂರಿನ ಕಾಲೇಜುಗಳ ಎದುರು. ಎಂಬಿಎ ಹಾಗಲ್ಲ, ಬಸ್ ಸ್ಟ್ಯಾಂಡಿನಿಂದ ಆಟೋ ಹತ್ತಿದರೆ ಸಿಗುತ್ತದೆ.

ಮೊದಲೇ ಹೇಳಿಬಿಡುವುದಾದರೆ: ಗಣಿತಕ್ಕೆ ಹೆದರದ ಹುಡುಗ ಹುಡುಗಿಯರಿಗೆ ಕೆಮಿಕಲ್ ಒಳ್ಳೆಯ ಕೋರ್ಸು, ದೂರ ಹೋಗಿ ಓದುವಷ್ಟು ಒಳ್ಳೆಯದು. ಆದರೆ ಲ್ಯಾಬ್ ನೋಡದೆ ಕಾಲೇಜು ಆರಿಸಬಾರದು. ಊರಿನ ಎಂಬಿಎ ಖರ್ಚಿನಲ್ಲಿ ಹಗುರ. ಅದರ ಬೆಲೆ ಪೂರ್ತಿ ನಿಂತಿರುವುದು ಪ್ರಾಜೆಕ್ಟ್ ಮತ್ತು ಲೆಕ್ಕದ ಪೇಪರುಗಳ ಮೇಲೆ. ಅವೆರಡನ್ನು ಸಡಿಲ ಬಿಟ್ಟರೆ ಎರಡು ವರ್ಷಕ್ಕೆ ಸಿಗುವುದು ಒಂದು ಬ್ಲೇಜರ್ ಮತ್ತು ಪಿಪಿಟಿ ಮಾಡುವ ಅಭ್ಯಾಸ.

ಕೆಮಿಕಲ್ ಎಂದರೆ ಏನು ಓದಿಸುತ್ತಾರೆ

ಮೊದಲ ತಪ್ಪು ತಿಳಿವಳಿಕೆ ಹೆಸರಿನಲ್ಲೇ ಇದೆ. ಪಿಯುಸಿಯಲ್ಲಿ ಕೆಮಿಸ್ಟ್ರಿ ಇಷ್ಟವಿತ್ತು ಅಂತ ಈ ಬ್ರಾಂಚು ತಗೊಂಡವರು ಮೂರನೇ ಸೆಮಿಸ್ಟರಿನಲ್ಲಿ ಬೆಚ್ಚುತ್ತಾರೆ. ಇಲ್ಲಿ ರಸಾಯನಶಾಸ್ತ್ರ ಕಾಲು ಭಾಗ, ಉಳಿದ ಮುಕ್ಕಾಲು ಭೌತಶಾಸ್ತ್ರ ಮತ್ತು ಲೆಕ್ಕ. ಪೈಪಿನಲ್ಲಿ ದ್ರವ ಹೇಗೆ ಹರಿಯುತ್ತದೆ, ಶಾಖ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಒಂದು ಮಿಶ್ರಣದಿಂದ ಒಂದನ್ನು ಬೇರ್ಪಡಿಸಲು ಎಷ್ಟು ಎತ್ತರದ ಕಾಲಂ ಬೇಕು, ರಿಯಾಕ್ಟರ್ ಎಷ್ಟು ದೊಡ್ಡದಿರಬೇಕು, ಇವೇ ನಾಲ್ಕು ವರ್ಷದ ಹುರುಳು. 160 ಕ್ರೆಡಿಟ್‌ನ ಬಿಇಯಲ್ಲಿ ಮೊದಲ ವರ್ಷ ಎಲ್ಲ ಬ್ರಾಂಚಿಗೂ ಹೆಚ್ಚುಕಡಿಮೆ ಒಂದೇ. ನಿಜವಾದ ಕೋರ್ಸು ಶುರುವಾಗುವುದು ಪ್ರೋಸೆಸ್ ಕ್ಯಾಲ್ಕುಲೇಷನ್ಸ್ ಪೇಪರಿನಿಂದ. ಮುಂದಿನ ಹೀಟ್ ಟ್ರಾನ್ಸ್‌ಫರ್, ಮಾಸ್ ಟ್ರಾನ್ಸ್‌ಫರ್, ರಿಯಾಕ್ಷನ್ ಎಂಜಿನಿಯರಿಂಗ್ ಎಲ್ಲದರ ಅಡಿಪಾಯ ಇದೇ. ಇಲ್ಲಿ ಎಡವಿದವರು ಕೊನೆವರೆಗೂ ಕುಂಟುತ್ತಾರೆ.

ಈ ಪೇಪರು ಏನು ಕಲಿಸುತ್ತದೆ ಎಂಬುದಕ್ಕೆ ನಮ್ಮ ಸೀಮೆಯ ತೌಡಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಒಂದು ಸಾಲ್ವೆಂಟ್ ಘಟಕಕ್ಕೆ ದಿನಕ್ಕೆ 100 ಟನ್ ತೌಡು ಬರುತ್ತದೆ, ಅದರಲ್ಲಿ ಎಣ್ಣೆ ಶೇ 17 ಎಂದಿಟ್ಟುಕೊಳ್ಳಿ. ಎಣ್ಣೆ ಬಿಟ್ಟು ಉಳಿದದ್ದು 83 ಟನ್. ಎಣ್ಣೆ ಕರಗಿಸುವ ಹೆಕ್ಸೇನ್ ಎಂಬ ದ್ರಾವಕದಲ್ಲಿ ಎಷ್ಟೇ ತೊಳೆದರೂ ಈ 83 ಟನ್ ಎಲ್ಲೂ ಹೋಗುವುದಿಲ್ಲ. ಒಳಗೆ ಬಂದಷ್ಟೇ ಹೊರಗೆ ಹೋಗುವ ಇಂಥದ್ದನ್ನು ಟೈ ಕಾಂಪೊನೆಂಟ್ ಅನ್ನುತ್ತಾರೆ, ಲೆಕ್ಕಕ್ಕೆ ಅದೇ ಗೂಟ. ತೇವಾಂಶ ಬದಲಾಗಲಿಲ್ಲ ಎಂದುಕೊಳ್ಳೋಣ. ಹೊರಬಂದ ಎಣ್ಣೆ ತೆಗೆದ ತೌಡಿನಲ್ಲಿ ಶೇ 1.2 ಎಣ್ಣೆ ಉಳಿದಿದೆ ಎಂದು ಲ್ಯಾಬ್ ವರದಿ ಹೇಳಿದರೆ, ಆ ತೌಡಿನ ತೂಕ 83 ಭಾಗಿಸು 0.988, ಅಂದರೆ 84 ಟನ್. ಉಳಿದ ಎಣ್ಣೆ ಒಂದು ಟನ್, ಕೈಗೆ ಬಂದದ್ದು ಸುಮಾರು 16 ಟನ್.

ಈಗ ಆ ಶೇ 1.2 ಎನ್ನುವುದು ಶೇ 3 ಆಯಿತು ಅನ್ನಿ. ನೋಡಲು ಪುಟ್ಟ ವ್ಯತ್ಯಾಸ. ಅದೇ ಲೆಕ್ಕ ಮತ್ತೆ ಮಾಡಿದರೆ ಹೊರಹೋಗುವ ತೌಡು 85.57 ಟನ್, ಅದರೊಳಗಿನ ಎಣ್ಣೆ 2.57 ಟನ್, ಕೈಗೆ ಸಿಕ್ಕದ್ದು 14.43 ಟನ್. ದಿನಕ್ಕೆ 1.56 ಟನ್ ಎಣ್ಣೆ ದನದ ಮೇವಿನ ಜೊತೆ ಲಾರಿ ಹತ್ತಿತು. ಎಣ್ಣೆ ಕೆ.ಜಿ.ಗೆ 80 ರೂಪಾಯಿ, ಎಣ್ಣೆ ತೆಗೆದ ತೌಡು 15 ರೂಪಾಯಿ ಎಂದು ಹಿಡಿದರೆ ಪ್ರತಿ ಕೆ.ಜಿ.ಗೆ 65 ರೂಪಾಯಿ ನಷ್ಟ, ದಿನಕ್ಕೆ ಒಂದು ಲಕ್ಷಕ್ಕೂ ಮೇಲೆ. ಇಪ್ಪತ್ತೈದು ದಿನ ಯಾರೂ ನೋಡದಿದ್ದರೆ 25 ಲಕ್ಷ.

ಯಾಕೆ ಹೀಗಾಗುತ್ತದೆ ಎನ್ನುವುದು ಮುಂದಿನ ಪೇಪರುಗಳ ಕೆಲಸ. ತೌಡು ಹಿಟ್ಟಿನಷ್ಟು ಸಣ್ಣ. ಹಾಗೇ ಹಾಕಿದರೆ ಹೆಕ್ಸೇನ್ ಅದರೊಳಗೆ ಇಳಿಯುವುದಿಲ್ಲ. ಅದಕ್ಕೇ ಮೊದಲು ಆವಿ ಕೊಟ್ಟು ಉಂಡೆ ಕಟ್ಟುತ್ತಾರೆ. ಉಂಡೆ ಗಟ್ಟಿ ಬರದೆ ಪುಡಿಯಾದರೆ ಪುಡಿ ತಳಕ್ಕಿಳಿದು ಪದರ ಕಟ್ಟುತ್ತದೆ, ದ್ರಾವಕ ಒಂದು ಬದಿಯಲ್ಲಿ ದಾರಿ ಮಾಡಿಕೊಂಡು ಓಡುತ್ತದೆ, ಇನ್ನೊಂದು ಬದಿಯ ತೌಡು ಒಣಗಿಯೇ ಉಳಿಯುತ್ತದೆ. ಹೆಕ್ಸೇನ್ 55ರಿಂದ 60 ಡಿಗ್ರಿಯಲ್ಲಿದ್ದರೆ ಎಣ್ಣೆ ಬೇಗ ಬಿಡುತ್ತದೆ. ತಣ್ಣಗಿದ್ದರೆ ನಿಧಾನ, 69 ಡಿಗ್ರಿ ಹತ್ತಿರ ಹೋದರೆ ಅದೇ ಕುದಿಯುತ್ತದೆ. ಸೀಸನ್‌ನಲ್ಲಿ ಮಾಲು ಹೆಚ್ಚು ಬಂತೆಂದು ಬೆಲ್ಟ್ ವೇಗ ಏರಿಸಿದರೆ ತೌಡು ದ್ರಾವಕದಲ್ಲಿ ನಿಲ್ಲುವ ಸಮಯ ಕಡಿಮೆಯಾಗುತ್ತದೆ. ಇದೆಲ್ಲಕ್ಕೂ ಮೊದಲಿನ ಗಂಡಾಂತರ ಮಿಲ್ಲಿನಲ್ಲೇ ಇದೆ. ಅಕ್ಕಿಯಿಂದ ತೌಡು ಬೇರೆಯಾದ ಕ್ಷಣದಿಂದ ಅದರೊಳಗಿನ ಲೈಪೇಸ್ ಎಂಬ ಕಿಣ್ವ ಎಣ್ಣೆಯನ್ನು ಒಡೆಯತೊಡಗುತ್ತದೆ, ಆಮ್ಲದ ಅಂಶ ದಿನಕ್ಕೆ ಶೇ 5ಕ್ಕೂ ಮೀರಿ ಏರಬಲ್ಲದು. ಎರಡು ದಿನ ಗೋಣಿಯಲ್ಲಿ ಬಿದ್ದ ತೌಡಿನ ಎಣ್ಣೆ ಅಡುಗೆಗೆ ಬರುವುದು ಕಷ್ಟ, ಸೋಪಿನ ಕಡೆ ಹೋಗುತ್ತದೆ.

ಹೆಕ್ಸೇನ್ ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಮೇಲೆ ಹೋಗದೆ ನೆಲಕ್ಕೆ ತಬ್ಬಿಕೊಂಡು ಚರಂಡಿಯಲ್ಲಿ ಹರಿಯುತ್ತದೆ. ಗಾಳಿಯಲ್ಲಿ ಶೇ 1.1 ಸೇರಿದರೆ ಸಾಕು, ಕಿಡಿಗೆ ಕಾಯುತ್ತಿರುತ್ತದೆ. ಸೇಫ್ಟಿ ಪೇಪರನ್ನು ಓಪನ್ ಎಲೆಕ್ಟಿವ್ ಎಂದು ಕಡೆಗಣಿಸುವ ಕಾಲೇಜು ಇದ್ದರೆ ಅದೊಂದೇ ಕಾರಣಕ್ಕೆ ನಮ್ಮಿಂದ ಒಂದು ಸ್ಟಾರ್ ಕಡಿಮೆ.

ಲ್ಯಾಬ್ ನೋಡುವುದು ಹೇಗೆ

ಕಾಲೇಜು ತೋರಿಸಲು ಕರೆದೊಯ್ದವರು ಕಂಪ್ಯೂಟರ್ ಸೆಂಟರ್, ಸೆಮಿನಾರ್ ಹಾಲ್ ತೋರಿಸುತ್ತಾರೆ. ಅಲ್ಲಿ ನಿಲ್ಲದೆ ರಿಯಾಕ್ಷನ್ ಎಂಜಿನಿಯರಿಂಗ್ ಲ್ಯಾಬಿಗೆ ಹೋಗಿ ಹಳೆಯ ರೆಕಾರ್ಡ್ ಬುಕ್ ಕೇಳಿ. ಬಹುತೇಕ ಎಲ್ಲ ಕಡೆ ಒಂದು ಪ್ರಯೋಗ ಇದ್ದೇ ಇರುತ್ತದೆ: ಈಥೈಲ್ ಅಸಿಟೇಟ್ ಮತ್ತು ಕಾಸ್ಟಿಕ್ ಸೋಡಾ ಬೆರೆಸಿ, ನಿಮಿಷಕ್ಕೊಮ್ಮೆ ಒಂದಿಷ್ಟು ತೆಗೆದು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಸುರಿದು ಕ್ರಿಯೆ ನಿಲ್ಲಿಸಿ, ಉಳಿದ ಆಮ್ಲವನ್ನು ಟೈಟ್ರೇಷನ್ ಮಾಡಿ, ಕ್ರಿಯೆಯ ವೇಗದ ಸ್ಥಿರಾಂಕ ಕಂಡುಹಿಡಿಯುವುದು. 25 ಡಿಗ್ರಿಯಲ್ಲಿ ಆ ಸಂಖ್ಯೆ ಮೋಲಿಗೆ ನಿಮಿಷಕ್ಕೆ ಸುಮಾರು 6.5 ಲೀಟರ್. ಬೇಸಿಗೆಯಲ್ಲಿ ಲ್ಯಾಬ್ 38 ಡಿಗ್ರಿ ಮುಟ್ಟಿದಾಗ ಅದು ಎರಡು ಪಟ್ಟಿಗೂ ಮೀರಿ 14ರ ಹತ್ತಿರ ಬರಬೇಕು. ಎರಡೂ 0.1 ನಾರ್ಮಲ್ ದ್ರಾವಣಗಳನ್ನು ಸಮಸಮ ಬೆರೆಸಿದ್ದರೆ, 25 ಡಿಗ್ರಿಯಲ್ಲಿ ಅರ್ಧ ಕ್ರಿಯೆಗೆ ಮೂರು ನಿಮಿಷ ಸಾಕು, 38 ಡಿಗ್ರಿಯಲ್ಲಿ ಒಂದೂವರೆ ನಿಮಿಷವೂ ಬೇಡ.

ಆದ್ದರಿಂದ ಡಿಸೆಂಬರ್ ಬ್ಯಾಚಿನ ರೆಕಾರ್ಡ್ ಮತ್ತು ಮೇ ಬ್ಯಾಚಿನ ರೆಕಾರ್ಡ್ ಅಕ್ಕಪಕ್ಕ ಇಡಿ. ಎರಡರಲ್ಲೂ ಒಂದೇ ಸಂಖ್ಯೆ ಇದ್ದರೆ ಅಲ್ಲಿ ಪ್ರಯೋಗ ನಡೆದಿಲ್ಲ, ಸೀನಿಯರ್ ಪುಸ್ತಕದಿಂದ ಇಳಿದಿದೆ. ಸಂಖ್ಯೆ ಹೆಚ್ಚುಕಡಿಮೆ ಇದ್ದು, ಪಕ್ಕದಲ್ಲಿ ಮೇಷ್ಟ್ರು ಕೆಂಪು ಇಂಕಿನಲ್ಲಿ ‘ತಾಪಮಾನ ಬರೆದಿಲ್ಲ’ ಎಂದು ಗೀಚಿದ್ದರೆ ಆ ಲ್ಯಾಬ್ ಜೀವಂತವಾಗಿದೆ. ಪ್ರಯೋಗ ಕೆಡುವ ರೀತಿಯೂ ಪಾಠವೇ. ಕಾಸ್ಟಿಕ್ ದ್ರಾವಣದ ಬಾಟಲಿಯ ಮುಚ್ಚಳ ತೆರೆದಿಟ್ಟರೆ ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ದುರ್ಬಲವಾಗುತ್ತದೆ. ಅದೇ ದಿನ ಸ್ಟ್ಯಾಂಡರ್ಡೈಸ್ ಮಾಡದೆ, ಅಂದರೆ ಅದರ ನಿಜವಾದ ಸಾಂದ್ರತೆ ಅಳೆಯದೆ, ಬಳಸಿದರೆ ಇಡೀ ಗ್ರಾಫ್ ವಾಲುತ್ತದೆ. ಮೊದಲ ಸ್ಯಾಂಪಲ್ ಐದನೇ ನಿಮಿಷಕ್ಕೆ ತೆಗೆದರೆ ಬೇಸಿಗೆಯಲ್ಲಿ ಮುಕ್ಕಾಲು ಭಾಗ ಕ್ರಿಯೆ ಮುಗಿದೇ ಹೋಗಿರುತ್ತದೆ, ಅಳೆಯಲು ಉಳಿದದ್ದು ಬಾಲ ಮಾತ್ರ.

ಉಳಿದ ಯಂತ್ರಗಳಲ್ಲಿ ಶೆಲ್ ಅಂಡ್ ಟ್ಯೂಬ್ ಹೀಟ್ ಎಕ್ಸ್‌ಚೇಂಜರ್, ಪ್ಯಾಕ್ಡ್ ಕಾಲಂ, ಫಿಲ್ಟರ್ ಪ್ರೆಸ್, ಬಾಲ್ ಮಿಲ್, ಜಾಲರಿ ಸೆಟ್ ಇವೆಯೇ ನೋಡಿ. ಇದ್ದರೆ ಸಾಲದು, ಒಂದನ್ನು ಚಾಲೂ ಮಾಡಲು ಹೇಳಿ. ಬೋರ್‌ವೆಲ್ ಗಡಸು ನೀರು ಹೊಡೆದು ಹೀಟ್ ಎಕ್ಸ್‌ಚೇಂಜರ್ ಟ್ಯೂಬಿನಲ್ಲಿ ಸುಣ್ಣ ಕಟ್ಟಿರುತ್ತದೆ, ಹರಿವು ಅಳೆಯುವ ರೋಟಾಮೀಟರ್‌ನ ಗುಂಡು ಪಾಚಿಗೆ ಅಂಟಿರುತ್ತದೆ. ಲ್ಯಾಬ್ ಅಟೆಂಡರ್ ‘ಕರೆಂಟ್ ಇಲ್ಲ’ ಅಂದರೆ ಅರ್ಥ ಮಾಡಿಕೊಳ್ಳಿ. ಆಸ್ಪೆನ್‌ನಂಥ ಸಿಮ್ಯುಲೇಷನ್ ಸಾಫ್ಟ್‌ವೇರಿನ ಲೈಸೆನ್ಸ್ ಎಷ್ಟು ಕಂಪ್ಯೂಟರಿಗೆ ಇದೆ ಎಂದೂ ಕೇಳಬೇಕು. ಅರವತ್ತು ಮಕ್ಕಳಿಗೆ ಐದು ಲೈಸೆನ್ಸ್ ಎಂದರೆ ಎಲ್ಲರೂ ನೋಡುವವರೇ, ಮಾಡುವವರಿಲ್ಲ.

ಸೀಟು, ಕೋಟಾ, ಆಪ್ಷನ್ ಎಂಟ್ರಿ

ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿಯ ಪಿಸಿಎಂ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಕೆಮಿಕಲ್ ಇರುವ ಹೆಸರಾಂತ ಕಡೆಗಳು: ದಾವಣಗೆರೆಯ ಬಾಪೂಜಿ, ತುಮಕೂರಿನ ಸಿದ್ಧಗಂಗಾ, ಬೆಂಗಳೂರಿನ ಆರ್‌ವಿ, ಬಿಎಂಎಸ್, ರಾಮಯ್ಯ, ದಯಾನಂದ ಸಾಗರ್. ಸುರತ್ಕಲ್‌ನ ಎನ್‌ಐಟಿಕೆಗೆ ಜೆಇಇ ಮೇನ್ ಬರೆಯಬೇಕು, ಮಣಿಪಾಲಕ್ಕೆ ಬೇರೆ ಪ್ರವೇಶ ಪರೀಕ್ಷೆ. ಬೇಡಿಕೆ ನೋಡಿ ಸೀಟು ಕಡಿತ ಮಾಡುವ ಬ್ರಾಂಚು ಇದು. ಹೋದ ವರ್ಷದ ಪಟ್ಟಿ ನಂಬದೆ ಆ ವರ್ಷದ ಸೀಟ್ ಮ್ಯಾಟ್ರಿಕ್ಸ್ ತೆರೆದು ನೋಡಬೇಕು.

ನಮ್ಮವರು ಕೈಬಿಡುವ ಒಂದು ಅನುಕೂಲ ಇಲ್ಲೇ ಇದೆ. ಸಂವಿಧಾನದ 371 ಜೆ ವಿಧಿ ಎಂದರೆ ಕಲ್ಯಾಣ ಕರ್ನಾಟಕದೊಳಗಿನ ಕಾಲೇಜುಗಳ ಶೇ 70 ಸೀಟು ಎಂದಷ್ಟೇ ಬಹಳ ಮಂದಿಗೆ ಗೊತ್ತು. 2013ರ ಆದೇಶದಲ್ಲಿ ಭಾಗದ ಹೊರಗೂ ಶೇ 8 ಇದೆ. ಬೆಂಗಳೂರಿನ ಕೆಮಿಕಲ್ ಸೀಟಿಗೆ ಬಳ್ಳಾರಿ, ರಾಯಚೂರು, ಕೊಪ್ಪಳದ ವಿದ್ಯಾರ್ಥಿಗೆ ಕೆಲಸಕ್ಕೆ ಬರುವುದು ಆ ಶೇ 8. ಅದಕ್ಕೆ ಉಪವಿಭಾಗಾಧಿಕಾರಿ ಕಚೇರಿಯ ಅರ್ಹತಾ ಪತ್ರ ಬೇಕು, ಸಿಇಟಿ ಅರ್ಜಿಯಲ್ಲೂ ಆ ಕೋಟಾ ಕೇಳಿರಬೇಕು. ಪತ್ರ ಫಲಿತಾಂಶ ಬಂದ ಮೇಲೆ ಮಾಡಿಸಿದರಾಯಿತು ಎಂದು ಕೂತವರು ದಾಖಲೆ ಪರಿಶೀಲನೆ ಹೊತ್ತಿಗೆ ತಾಲ್ಲೂಕು ಕಚೇರಿ ಮೆಟ್ಟಿಲು ಸವೆಸುತ್ತಿರುತ್ತಾರೆ. ಜನವರಿಯಲ್ಲೇ ಅರ್ಜಿ ಹಾಕುವುದು ಲೇಸು. ಅಪ್ಪನ ಹೆಸರು ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಮೊದಲು ಅದನ್ನು ಸರಿಮಾಡಿಸಿಕೊಳ್ಳಿ.

ಆಪ್ಷನ್ ಎಂಟ್ರಿಯಲ್ಲಿ ಸಿಗುವುದೋ ಇಲ್ಲವೋ ಎಂದು ಲೆಕ್ಕ ಹಾಕದೆ, ಬೇಕಾದ ಕ್ರಮದಲ್ಲೇ ಬರೆಯಬೇಕು. ಮೇಲೆ ದೊಡ್ಡ ಕಾಲೇಜು ಬರೆದರೆ ಕೆಳಗಿನದು ಕೈತಪ್ಪುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಸೀಟು ಬಂದ ಮೇಲೆ ಮೊದಲ ಆಯ್ಕೆ ಒತ್ತಿದರೆ ಅಲ್ಲಿಗೆ ಮುಗಿಯಿತು. ಸೀಟು ಇಟ್ಟುಕೊಂಡು ಮೇಲಿನದಕ್ಕೆ ಕಾಯುವವರಿಗೆ ಎರಡನೆಯದು. ಮೂರನೆಯದು ಒತ್ತಿದರೆ ಕೈಲಿದ್ದ ಸೀಟು ಹೋಗುತ್ತದೆ, ಮುಂದಿನ ಸುತ್ತಿನ ಆಸೆ ಮಾತ್ರ ಉಳಿಯುತ್ತದೆ. ನಾಲ್ಕನೆಯದು ಪೂರ್ತಿ ಹೊರಬರುವುದು. ಎರಡು ಮತ್ತು ಮೂರರ ನಡುವಿನ ಗೊಂದಲದಲ್ಲಿ ಸೈಬರ್ ಸೆಂಟರಿನವನ ಮಾತು ಕೇಳಿ ಸೀಟು ಕಳಕೊಂಡವರು ಪ್ರತಿ ವರ್ಷ ಸಿಗುತ್ತಾರೆ.

ದೂರ ಹೋಗಲಾಗದವರಿಗೆ ಹತ್ತಿರದ ಎರಡು ದಾರಿಗಳನ್ನು ಯಾರೂ ಹೇಳುವುದಿಲ್ಲ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಸಂಡೂರಿನ ನಂದಿಹಳ್ಳಿಯಲ್ಲಿ ಸ್ನಾತಕೋತ್ತರ ಕೇಂದ್ರವಿದೆ, ಅಲ್ಲಿ ಖನಿಜ ಸಂಸ್ಕರಣೆಯ ವಿಭಾಗವಿದೆ. ಅದಿರು ಪುಡಿ ಮಾಡುವುದು, ಜಾಲರಿ ಹಿಡಿಯುವುದು, ನೊರೆಯಲ್ಲಿ ತೇಲಿಸಿ ಬೇರ್ಪಡಿಸುವುದು, ಇವೆಲ್ಲ ಕೆಮಿಕಲ್‌ನವರ ಮೆಕ್ಯಾನಿಕಲ್ ಆಪರೇಷನ್ಸ್ ಪೇಪರೇ. ಕಾಲೇಜಿನಿಂದ ಹೊರಬಂದರೆ ಗಣಿಯೇ ಎದುರಿಗೆ. ಇನ್ನೊಂದು ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಎಂಜಿನಿಯರಿಂಗ್ ಕಾಲೇಜು. ಸಂಸ್ಕರಣೆ ಮತ್ತು ಆಹಾರ ಎಂಜಿನಿಯರಿಂಗ್ ಕಡೆ ಒಲವಿದ್ದವರಿಗೆ ಭತ್ತ, ತೌಡು, ಮೆಣಸಿನಕಾಯಿಯ ಲೆಕ್ಕ ಅಲ್ಲೇ ಸಿಗುತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಈ ಎರಡಕ್ಕೂ ಚೆನ್ನಾಗಿ ಹೊಂದುತ್ತದೆ. ಡಿಪ್ಲೊಮಾ ಮುಗಿಸಿದವರಿಗೆ ಡಿಸಿಇಟಿ ಮೂಲಕ ನೇರ ಎರಡನೇ ವರ್ಷದ ಪ್ರವೇಶವಿದೆ. ಅವರ ಕೈಗೆಲಸ ಚೆನ್ನಾಗಿರುತ್ತದೆ, ಡಿಫರೆನ್ಷಿಯಲ್ ಈಕ್ವೇಷನ್ ಕಾಡುತ್ತದೆ, ಸೇರುವ ಮುಂಚಿನ ಬೇಸಿಗೆಯಲ್ಲಿ ಅದೊಂದನ್ನು ಅಭ್ಯಾಸ ಮಾಡಿಕೊಂಡರೆ ಸಾಕು.

ಕೆಲಸ ಹೇಗಿರುತ್ತದೆ

ಉಕ್ಕಿನ ಕಾರ್ಖಾನೆ ಎಂದರೆ ಮೆಕ್ಯಾನಿಕಲ್, ಮೆಟಲರ್ಜಿಯವರಿಗೆ ಎಂದುಕೊಳ್ಳುವುದು ಅರ್ಧ ಸತ್ಯ. ಕೋಕ್ ಓವನ್ ಅನಿಲದಿಂದ ಟಾರ್, ಅಮೋನಿಯ, ಬೆಂಜಾಲ್ ತೆಗೆಯುವ ಘಟಕ, ಗಾಳಿಯನ್ನು ದ್ರವ ಮಾಡಿ ಆಮ್ಲಜನಕ ಬೇರ್ಪಡಿಸುವ ಪ್ಲಾಂಟ್, ನೀರಿನ ಶುದ್ಧೀಕರಣ, ಇವು ಕೆಮಿಕಲ್‌ನವರ ಜಾಗ. ಕೋಕ್ ಓವನ್ ಅನಿಲದಲ್ಲಿ ನ್ಯಾಫ್ತಲೀನ್ ಇರುತ್ತದೆ, ಬಟ್ಟೆ ಪೆಟ್ಟಿಗೆಯ ನುಸಿಗುಳಿಗೆಯ ಅದೇ ವಸ್ತು. 80 ಡಿಗ್ರಿಯಲ್ಲಿ ಕರಗುವ ಅದು ಚಳಿಗಾಲದ ಬೆಳಗಿನ ಜಾವ ಪೈಪಿನೊಳಗೆ ಹರಳುಗಟ್ಟಿ ದಾರಿ ಮುಚ್ಚುತ್ತದೆ. ಫೋನ್ ಬರುವುದು ನಾಲ್ಕು ಗಂಟೆಗೆ. ಉಷ್ಣ ಸ್ಥಾವರದಲ್ಲಿ ನೀರೇ ದೊಡ್ಡ ಕೆಲಸ: ಆವಿಯಲ್ಲಿ ಸಿಲಿಕ ಶತಕೋಟಿಗೆ 20 ಭಾಗ ದಾಟಿದರೆ ಟರ್ಬೈನ್ ರೆಕ್ಕೆಗೆ ಗಾಜಿನಂತೆ ಅಂಟುತ್ತದೆ. ಚಿನ್ನದ ಅದಿರಿಗೆ ಸಯನೈಡ್ ಬಳಸುವಲ್ಲಿ ಸುಣ್ಣ ಹಾಕಿ ಪಿಎಚ್ 10ರ ಮೇಲೆ ಹಿಡಿದಿಡಬೇಕು, 9ಕ್ಕೆ ಇಳಿಯಿತೆಂದರೆ ವಿಷಾನಿಲ ಏಳುತ್ತದೆ. ರಾಯಚೂರಿನ ಶಿಲ್ಪಾ ಮೆಡಿಕೇರ್‌ನಂಥ ಕ್ಯಾನ್ಸರ್ ಔಷಧ ತಯಾರಕರಲ್ಲಿ ಬ್ಯಾಚ್ ರೆಕಾರ್ಡ್, ಗಾಳಿಯ ಶುದ್ಧತೆ, ಸ್ವಚ್ಛತೆಯ ಶಿಸ್ತು ಬೇರೆಯೇ ಲೋಕ.

ಎಲ್ಲ ಕಡೆ ಶಿಫ್ಟ್ ಇದೆ. ಮೊದಲ ಕೆಲವು ವರ್ಷ ರಾತ್ರಿ ಪಾಳಿ ಇಲ್ಲದ ಉತ್ಪಾದನಾ ಕೆಲಸ ಸಿಗುವುದು ಅಪರೂಪ. ಇದನ್ನು ಸೇರುವ ಮೊದಲು ಮನೆಯಲ್ಲಿ ಮಾತಾಡಿಕೊಳ್ಳಬೇಕು, ಸೇರಿದ ಮೇಲಲ್ಲ.

ಈಗ ಎಂಬಿಎ

ಬಳ್ಳಾರಿಯಲ್ಲಿ ವಿಶ್ವವಿದ್ಯಾಲಯದ್ದೇ ಎಂಬಿಎ ಇದೆ, ವಿಟಿಯು ಅಡಿಯ ಎಂಜಿನಿಯರಿಂಗ್ ಕಾಲೇಜಿನಲ್ಲೂ ಇದೆ. ಪದವಿಯಲ್ಲಿ ಶೇ 50, ಮೀಸಲಾತಿಯವರಿಗೆ ಶೇ 45 ಇರಬೇಕು, ಸರ್ಕಾರಿ ಕೋಟಾಕ್ಕೆ ಪಿಜಿಸಿಇಟಿ. ಪಠ್ಯಕ್ರಮ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಅಚ್ಚು: ಮೊದಲ ವರ್ಷ ಎಲ್ಲದರಲ್ಲೂ ಒಂದೊಂದು ಚಮಚ, ಎರಡನೇ ವರ್ಷ ಫೈನಾನ್ಸ್, ಮಾರ್ಕೆಟಿಂಗ್, ಎಚ್‌ಆರ್‌ನಲ್ಲಿ ಎರಡು ಆರಿಸಿಕೊಳ್ಳುವುದು. ಸುಲಭ ಎಂದು ಮಾರ್ಕೆಟಿಂಗ್ ಮತ್ತು ಎಚ್‌ಆರ್ ಜೋಡಿ ತಗೊಳ್ಳುವವರೇ ಹೆಚ್ಚು. ಈ ಸೀಮೆಯ ಗಿರಣಿ, ಗಾರ್ಮೆಂಟ್, ಟ್ರಾನ್ಸ್‌ಪೋರ್ಟ್ ಮಾಲೀಕರಿಗೆ ಬೇಕಾಗಿರುವುದು ಕಾಸ್ಟಿಂಗ್, ಜಿಎಸ್‌ಟಿ, ಬ್ಯಾಂಕ್ ಸಾಲಕ್ಕೆ ಕೊಡಬೇಕಾದ ಲೆಕ್ಕಪತ್ರ, ಅಂದರೆ ಸಿಎಂಎ ಡೇಟಾ ತಯಾರಿಸಬಲ್ಲವರು. ಫೈನಾನ್ಸ್ ತಗೊಳ್ಳಿ, ಜೊತೆಗೆ ಆಪರೇಷನ್ಸ್ ಇದ್ದರೆ ಅದು, ಇಲ್ಲದಿದ್ದರೆ ಮಾರ್ಕೆಟಿಂಗ್.

ಕೋರ್ಸಿನ ಅತಿ ದುರ್ಬಲ ಭಾಗ ಪ್ರಾಜೆಕ್ಟ್. ಕಾಲೇಜು ಗ್ರಂಥಾಲಯಕ್ಕೆ ಹೋಗಿ ಹಿಂದಿನ ವರದಿಗಳ ಬೆನ್ನು ಓದಿ. ‘ಎ ಸ್ಟಡಿ ಆನ್ ಎಂಪ್ಲಾಯೀ ಸ್ಯಾಟಿಸ್‌ಫ್ಯಾಕ್ಷನ್’ ಎಂದು ಶುರುವಾಗುವ ಹತ್ತು ವರದಿ ಸಾಲಾಗಿ ಕಂಡರೆ, ಒಳಗೆ ನೂರು ಜನರ ಪ್ರಶ್ನಾವಳಿ, ಐವತ್ತು ಪೈ ಚಾರ್ಟ್, ಕೊನೆಗೆ ‘ವೇತನ ಹೆಚ್ಚಿಸಬೇಕು’ ಎಂಬ ಸಲಹೆ ಇದ್ದೇ ಇರುತ್ತದೆ. ಗೇಟಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಅದರ ಸಾಫ್ಟ್ ಕಾಪಿಯೂ ಸಿಗುತ್ತದೆ, ಬೈಂಡಿಂಗ್ ಬೇರೆ ಚಾರ್ಜು.

ಅದೇ ವಾರಗಳನ್ನು ಒಂದು ಜೀನ್ಸ್ ವಾಷಿಂಗ್ ಘಟಕದಲ್ಲಿ ಕಳೆದರೆ ಏನು ಸಿಗುತ್ತದೆ ನೋಡಿ. ಲೆಕ್ಕಕ್ಕೆ ಒಂದು ಪೀಸ್ ತೊಳೆದುಕೊಟ್ಟರೆ ಘಟಕಕ್ಕೆ ಸಿಗುವುದು 30 ರೂಪಾಯಿ ಇರಲಿ. ಕೆಮಿಕಲ್ 8, ಸ್ಟೀಮ್, ನೀರು, ಪೀಸ್ ರೇಟ್ ಕೂಲಿ ಸೇರಿ 13, ಒಟ್ಟು 21. ಪೀಸಿಗೆ ಉಳಿಯುವುದು 9. ಬಾಡಿಗೆ, ಸಂಬಳ, ಯಂತ್ರದ ಕಂತು ಎಂದು ತಿಂಗಳಿಗೆ 3,60,000 ನಿಗದಿ ಖರ್ಚಿದ್ದರೆ 40,000 ಪೀಸಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ತಿಂಗಳಿಗೆ 50,000 ಪೀಸ್ ತೊಳೆದರೆ ಕಾಗದದ ಮೇಲೆ 90,000 ಲಾಭ. ಪರೀಕ್ಷೆಯ ಪ್ರಶ್ನೆ ಇಲ್ಲಿಗೆ ಮುಗಿಯುತ್ತದೆ. ಮಾಲೀಕನ ತಲೆಬಿಸಿ ಇಲ್ಲಿಂದ ಶುರು.

ಬಟ್ಟೆ ಕೊಟ್ಟ ಪಾರ್ಟಿ ಅರವತ್ತು ದಿನ ಉದ್ರಿ ಹೇಳುತ್ತಾನೆ. ತಿಂಗಳ ಬಿಲ್ಲು 15 ಲಕ್ಷ, ಎರಡು ತಿಂಗಳದ್ದು 30 ಲಕ್ಷ ಹೊರಗೆ. ಕೆಮಿಕಲ್ ಅಂಗಡಿಯವನು ಕೊಡುವ ಹದಿನೈದು ದಿನದ ಸಾಲದಿಂದ ಒದಗುವುದು 2 ಲಕ್ಷ. ಉಳಿದ 28 ಲಕ್ಷಕ್ಕೆ ವರ್ಷಕ್ಕೆ ಶೇ 12 ಬಡ್ಡಿ ಎಂದರೂ ತಿಂಗಳಿಗೆ 28,000. 90,000ದ ಲಾಭದಲ್ಲಿ ಮೂರನೇ ಒಂದು ಭಾಗ ಉದ್ರಿಯೇ ತಿಂದಿತು. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಉದ್ಯಮ್ ನೋಂದಣಿ ಇರುವ ಸಣ್ಣ ಘಟಕಕ್ಕೆ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 60 ದಿನ 45ಕ್ಕೆ ಇಳಿದರೆ ಬಡ್ಡಿ 20,500ಕ್ಕೆ ಬರುತ್ತದೆ, ತಿಂಗಳಿಗೆ 7,500 ಉಳಿತಾಯ. ಇಂಥ ಎರಡು ಪುಟದ ಲೆಕ್ಕ ಆ ನೂರು ಜನರ ಪ್ರಶ್ನಾವಳಿಗಿಂತ ಇಂಟರ್‌ವ್ಯೂನಲ್ಲಿ ಹೆಚ್ಚು ದೂರ ಒಯ್ಯುತ್ತದೆ.

ಅದೇ ಘಟಕದಲ್ಲಿ ಕೆಮಿಕಲ್ ಓದಿದವರಿಗೆ ಕಾಣುವುದು ಬೇರೆ. ಬಣ್ಣ ತೆಳುಮಾಡಲು ಹೊಡೆಯುವ ಪರ್ಮಾಂಗನೇಟನ್ನು ಮೆಟಾಬೈಸಲ್ಫೈಟ್‌ನಲ್ಲಿ ಪೂರ್ತಿ ತೊಳೆಯದಿದ್ದರೆ ಕಂದು ಕಲೆ ಉಳಿಯುತ್ತದೆ, ಮಾಲು ವಾಪಸ್ ಬರುತ್ತದೆ. ಆಮ್ಲೀಯ ಎಂಜೈಮ್‌ಗೆ ಪಿಎಚ್ 4.5ರಿಂದ 5.5, ಶಾಖ 50 ಡಿಗ್ರಿ ಆಸುಪಾಸು ಬೇಕು. ಬೋರ್‌ವೆಲ್ ನೀರಿನ ಕ್ಷಾರ ಅದನ್ನು ಮೇಲೆ ತಳ್ಳಿದರೆ ಎಂಜೈಮ್ ಮಲಗುತ್ತದೆ, ಕೆಲಸಗಾರ ಇನ್ನೊಂದು ಮಗ್ಗು ಸುರಿಯುತ್ತಾನೆ, ಪೀಸಿಗೆ 8 ಇದ್ದ ಖರ್ಚು 10 ಆಗುತ್ತದೆ. ಆ ಎರಡು ರೂಪಾಯಿ ಹೆಚ್ಚಿದರೆ ಪೀಸಿಗೆ ಉಳಿಯುವ 9 ರೂಪಾಯಿ 7 ಆಗಿ, ಲಾಭ-ನಷ್ಟದ ಸಮತೋಲ 40,000ದಿಂದ ಸುಮಾರು 51,000 ಪೀಸಿಗೆ ಜಾರುತ್ತದೆ. 50,000 ತೊಳೆಯುವ ಘಟಕ ಗೊತ್ತಿಲ್ಲದೆಯೇ ನಷ್ಟಕ್ಕೆ ಇಳಿದಿರುತ್ತದೆ. ಎರಡೂ ಕೋರ್ಸು ಓದಿದವರಿಗೆ ಬೆಲೆ ಏಕೆ ಎಂದು ಕೇಳುವವರಿಗೆ ಈ ಒಂದು ಮಗ್ಗು ಎಂಜೈಮ್ ತೋರಿಸಬಹುದು.

ಹಾಗಂತ ಬಿಇ ಮುಗಿಸಿದ ತಿಂಗಳೇ ಎಂಬಿಎ ಸೇರುವುದನ್ನು ನಾವು ಶಿಫಾರಸು ಮಾಡುವುದಿಲ್ಲ. ಪ್ಲಾಂಟ್ ನೋಡದವರಿಗೆ ಎಂಬಿಎ ತರಗತಿಯ ದಾಸ್ತಾನು, ವ್ಯರ್ಥ, ಬಂಡವಾಳ ಎಲ್ಲ ಬರಿಯ ಶಬ್ದ. ಎರಡು ಮೂರು ವರ್ಷ ಶಿಫ್ಟ್ ಮಾಡಿ ಬಂದವರು ಅದೇ ಪಾಠದಲ್ಲಿ ಪ್ರಶ್ನೆ ಕೇಳುತ್ತಾರೆ.

ಬಿಬಿಎ ಬಗ್ಗೆ ಹೆಚ್ಚು ಹೇಳುವುದಿಲ್ಲ. 2024–25ರಿಂದ ಅದಕ್ಕೂ ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿಯಾದ ಎಐಸಿಟಿಇ ಅನುಮೋದನೆ ಬೇಕು, ಸೇರುವ ಕಾಲೇಜಿಗೆ ಅದು ಇದೆಯೇ ನೋಡಿ. ಅಕೌಂಟ್ಸ್ ಗಟ್ಟಿಯಾಗಬೇಕಿದ್ದರೆ ಬಿಕಾಂ ವಾಸಿ.

ಕೆಲಸ ಬಿಡಲಾಗದವರಿಗೆ ದೂರಶಿಕ್ಷಣ ಅಥವಾ ಆನ್‌ಲೈನ್ ಎಂಬಿಎ ಉಂಟು. ಮೈಸೂರಿನ ಮುಕ್ತ ವಿಶ್ವವಿದ್ಯಾಲಯ, ಇಗ್ನೋ ಎರಡರಲ್ಲೂ ಇದೆ. ಬೇರೆ ಯಾವುದೇ ಹೆಸರು ಕೇಳಿದರೆ ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ, ಆ ವರ್ಷಕ್ಕೆ, ಆ ಕೋರ್ಸಿಗೆ ಹೆಸರಿದೆಯೇ ನೋಡಿ. ವಿಶ್ವವಿದ್ಯಾಲಯದ ಹೆಸರೊಂದಿದ್ದರೆ ಸಾಲದು. ಎಂಜಿನಿಯರಿಂಗ್ ಪದವಿಗೆ ದೂರಶಿಕ್ಷಣದ ಮಾನ್ಯತೆ ಇಲ್ಲ. ‘ಮನೆಯಲ್ಲೇ ಕೂತು ಬಿಇ’ ಎಂದು ಹೊಸಪೇಟೆ ರಸ್ತೆಯ ಗೋಡೆ ಮೇಲೆ ಯಾರು ಬರೆದಿದ್ದರೂ ಅದು ದುಡ್ಡು ಕಳೆಯುವ ದಾರಿ. ಡಿಪ್ಲೊಮಾ ಮಾಡಿ ಕಾರ್ಖಾನೆಯಲ್ಲಿರುವವರಿಗೆ 2023–24ರಿಂದ ಎಐಸಿಟಿಇ ಸಂಜೆ ಹೊತ್ತಿನ ಬಿಇಗೆ ಅವಕಾಶ ಕೊಟ್ಟಿದೆ, ಅದು ಕಾಲೇಜಿಗೆ ಹೋಗಿ ಓದುವ ಕೋರ್ಸೇ. ಆದರೆ ಶಿಫ್ಟ್ ತಿರುಗುವವರಿಗೆ ಮೂರು ವಾರಕ್ಕೊಮ್ಮೆ ಹಾಜರಾತಿ ಕೈಕೊಡುತ್ತದೆ. ಅರ್ಜಿ ತುಂಬುವ ಮುನ್ನ ಶಿಫ್ಟ್ ಇನ್‌ಚಾರ್ಜ್ ಹತ್ತಿರ ಜನರಲ್ ಶಿಫ್ಟ್ ಬಗ್ಗೆ ಮಾತಾಡಿ, ಒಪ್ಪಿದರೆ ಲಿಖಿತದಲ್ಲಿ ಪಡೆಯಿರಿ. ವಾರ್ಷಿಕ ಶಟ್‌ಡೌನ್ ಯಾವ ತಿಂಗಳು ಎಂದೂ ಆಗಲೇ ಕೇಳಿಡಿ, ಆ ತಿಂಗಳು ರಜೆ ಸಿಗುವುದಿಲ್ಲ, ಸೆಮಿಸ್ಟರ್ ಪರೀಕ್ಷೆ ಅಲ್ಲಿಗೇ ಬಂದು ಬೀಳುವುದುಂಟು.